ಓದುಗರ ಪ್ರಶ್ನೆಗೆ ಉತ್ತರ: ಮತೀಸನ ಕತ್ತರಿ, ವಾನ್ಸಿನ ಗಾಜು

ಫ್ರಾನ್ಸಿನ ಚಿತ್ರಕಾರ ಹೆನ್ರಿ ಮತೀಸ್ (1869–1954) ಬದುಕಿನ ಕೊನೆಯ ವರ್ಷಗಳಲ್ಲಿ ಕುಂಚಕ್ಕಿಂತ ಕತ್ತರಿಯನ್ನೇ ಹೆಚ್ಚಾಗಿ ಹಿಡಿದ. ಬಣ್ಣ ಬಳಿದ ಕಾಗದವನ್ನು ಕತ್ತರಿಸಿ ಮಾಡಿದ ವಿನ್ಯಾಸಗಳು ಕಿಟಕಿಯ ಗಾಜಾದವು, ರೇಷ್ಮೆಯ ಪೂಜಾವಸ್ತ್ರವಾದವು, ಗೋಡೆಗೆ ತೂಗುಹಾಕುವ ಬಟ್ಟೆಯಾದವು. ಜೊತೆಗೆ ಟೈಲ್ಸ್ ಮೇಲೆ ಆಳೆತ್ತರ ಮೀರಿದ ಗೆರೆಚಿತ್ರಗಳನ್ನೂ ಬರೆದ. ಗಾಜು, ಪೂಜಾವಸ್ತ್ರ, ಟೈಲ್ಸ್ ಮೂರೂ ಒಂದೆಡೆ ಸೇರಿದ್ದು ನೈಸ್ ನಗರದ ಬಳಿಯ ವಾನ್ಸ್ ಊರಿನ ಪುಟ್ಟ ಪ್ರಾರ್ಥನಾಲಯದಲ್ಲಿ. ಈ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಟಿಪ್ಪಣಿಗೆ ಓದುಗರು ಬರೆದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ.

ಕಾಯಿಲೆಯಿಂದ ನಿಲ್ಲಲಾಗದೆ ಮತೀಸ್ ಕಾಗದ ಕತ್ತರಿಸಲು ಶುರುಮಾಡಿದ ಎಂದು ಪಠ್ಯದಲ್ಲಿದೆ. ಅಷ್ಟೇ ಕಾರಣವೇ?
— ವಿದ್ಯಾರ್ಥಿನಿ, ಮೈಸೂರು

ಅರ್ಧ ನಿಜ. 1941ರ ಜನವರಿಯಲ್ಲಿ ಲಿಯೋನ್ ನಗರದಲ್ಲಿ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಬಹುಪಾಲು ಕೆಲಸ ಹಾಸಿಗೆಯಲ್ಲಿ, ಇಲ್ಲವೇ ಗಾಲಿಕುರ್ಚಿಯಲ್ಲಿ ಕೂತೇ ನಡೆಯಿತು. ಆದರೆ ಕಾಗದ ಅವನ ಕೈಗೆ ಬಂದದ್ದು ಅದಕ್ಕೂ ಹತ್ತು ವರ್ಷ ಮೊದಲು. ಅಮೆರಿಕದ ಮೆರಿಯನ್‌ನಲ್ಲಿದ್ದ ಬಾರ್ನ್ಸ್ ಸಂಗ್ರಹಾಲಯಕ್ಕೆ 1931–33ರಲ್ಲಿ ‘ನೃತ್ಯ’ ಎಂಬ ಭಿತ್ತಿಚಿತ್ರ ಮಾಡುವಾಗ, ಬಣ್ಣದ ಕಾಗದದ ತುಂಡುಗಳನ್ನು ಕ್ಯಾನ್ವಾಸಿಗೆ ಪಿನ್ನು ಚುಚ್ಚಿ ಅತ್ತಿತ್ತ ಸರಿಸಿ ನೋಡುತ್ತಿದ್ದ. ಗೋಡೆಯ ಅಳತೆ ತಪ್ಪಿ ಆ ಚಿತ್ರವನ್ನು ಮತ್ತೊಮ್ಮೆ ಪೂರ್ತಿ ಮಾಡಬೇಕಾಯಿತು. ಅಷ್ಟು ದೊಡ್ಡ ಕ್ಯಾನ್ವಾಸಿನಲ್ಲಿ ಬಣ್ಣ ಕೆರೆದು ಮತ್ತೆ ಬಳಿಯುವುದಕ್ಕಿಂತ ಕಾಗದ ಸರಿಸುವುದು ಎಷ್ಟೋ ಸುಲಭ.

ಇನ್ನೊಂದು ಮಾತನ್ನು ಪಠ್ಯಗಳು ಮರೆಯುತ್ತವೆ. ಅವನು ಬೆಳೆದ ಬೊಯೆನ್ ನೇಕಾರರ ಊರು. 1920ರಲ್ಲೇ ರಷ್ಯನ್ ಬ್ಯಾಲೆ ತಂಡಕ್ಕೆ ವೇಷಭೂಷಣ ವಿನ್ಯಾಸ ಮಾಡಿದ್ದ. ಬಟ್ಟೆ, ಅಲಂಕಾರ ಅವನಿಗೆ ಮುಪ್ಪಿನಲ್ಲಿ ಸಿಕ್ಕ ಹವ್ಯಾಸವಲ್ಲ. ತೈಲವರ್ಣವನ್ನೂ ಒಂದೇ ದಿನ ಬಿಡಲಿಲ್ಲ: ‘ದೊಡ್ಡ ಕೆಂಪು ಕೋಣೆ’ 1948ರದು, ಕಾಗದದ ಕೆಲಸ ಭರದಿಂದ ಸಾಗಿದ್ದ ಕಾಲದ್ದೇ.

ಪ್ರೌಢಶಾಲೆಯ ಮಕ್ಕಳಿಗೆ ಮತೀಸನ ಕ್ರಮದಲ್ಲಿ ಕಾಗದ ಕತ್ತರಿಸುವುದನ್ನು ಕಲಿಸಬೇಕು. ಅಂಗಡಿಯ ಬಣ್ಣದ ಕಾಗದದಲ್ಲಿ ಮಾಡಿಸಿದರೆ ಜೀವವೇ ಇಲ್ಲ. ಎಲ್ಲಿ ತಪ್ಪುತ್ತಿದೆ?
— ಚಿತ್ರಕಲಾ ಶಿಕ್ಷಕರು, ಧಾರವಾಡ

ತಪ್ಪುತ್ತಿರುವುದು ಕಾಗದದಲ್ಲೇ. ಅಚ್ಚಾದ ಬಣ್ಣದ ಕಾಗದ ಎಲ್ಲ ಕಡೆ ಒಂದೇ ಸಮ. ಮತೀಸನ ಸಹಾಯಕರು ಬಿಳಿ ಡ್ರಾಯಿಂಗ್ ಹಾಳೆಗೆ ಲಿನೆಲ್ ಕಂಪನಿಯ ಗ್ವಾಶ್ (ನೀರಿನಲ್ಲಿ ಕಲಸುವ ಅಪಾರದರ್ಶಕ) ಬಣ್ಣವನ್ನು ಅಗಲ ಕುಂಚದಲ್ಲಿ ಬಳಿಯುತ್ತಿದ್ದರು. ಕುಂಚ ಓಡಿದ ಜಾಡು ಹಾಗೇ ಉಳಿಯುತ್ತಿತ್ತು. ಒಂದೇ ಹಾಳೆಯ ಎರಡು ತುಂಡುಗಳನ್ನು ಬೇರೆ ಬೇರೆ ದಿಕ್ಕಿಗೆ ಅಂಟಿಸಿದರೆ ಒಂದೇ ನೀಲಿ ಎರಡಾಗಿ ಕಾಣುತ್ತದೆ. 1952ರ ‘ನೀಲಿ ನಗ್ನೆ’ ಸರಣಿಯ ಮೈಗೆ ತೂಕ ಬಂದಿರುವುದರಲ್ಲಿ ಈ ಜಾಡಿನ ಪಾಲು ದೊಡ್ಡದು.

ಗ್ವಾಶ್ ದುಬಾರಿ. ಶಾಲೆಗೆ ಪೋಸ್ಟರ್ ಕಲರ್ ಸಾಕು. 150ರಿಂದ 200 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಕಾರ್ಟ್ರಿಜ್ ಹಾಳೆ ತಗೊಳ್ಳಿ. ಇದಕ್ಕಿಂತ ತೆಳುವಾದದ್ದು ಸುರುಳಿ ಸುತ್ತುತ್ತದೆ, 250 ದಾಟಿದರೆ ಮಕ್ಕಳ ಕೈಗೆ ತಿರುವು ಕತ್ತರಿಸಲು ಬರುವುದಿಲ್ಲ. ಬಣ್ಣ ಗಟ್ಟಿ ಮಜ್ಜಿಗೆಯ ಹದಕ್ಕಿರಲಿ. ಎರಡಿಂಚಿನ ಚಪ್ಪಟೆ ಕುಂಚದಲ್ಲಿ ಒಂದೇ ಸಲ ಬಳಿದು ಬಿಡಿ, ಒಣಗುತ್ತಿರುವಾಗ ಮತ್ತೆ ತಿದ್ದಬೇಡಿ. ನೀರು ಹೆಚ್ಚಾದರೆ ಅಂಟಿನ ಅಂಶ ಕಡಿಮೆಯಾಗಿ, ಒಣಗಿದ ಮೇಲೆ ಬಣ್ಣ ಪುಡಿಪುಡಿಯಾಗಿ ಬೆರಳಿಗೆ ಮೆತ್ತುತ್ತದೆ. ತೀರಾ ದಪ್ಪವಾದರೆ ಕತ್ತರಿ ಹಾಕಿದ ಅಂಚಿನಲ್ಲಿ ಬಿರಿಯುತ್ತದೆ. ಮುಂಭಾಗ ಒಣಗಿದ ಕೂಡಲೇ ಹಿಂಭಾಗಕ್ಕೆ ಒದ್ದೆ ಸ್ಪಂಜು ಒಮ್ಮೆ ಎಳೆದು, ಎರಡು ಹಾಳೆಗಳ ನಡುವೆ ಇಟ್ಟು ರಾತ್ರಿಯಿಡೀ ಭಾರ ಹೇರಿದರೆ ಹಾಳೆ ಸಮತಟ್ಟಾಗುತ್ತದೆ.

ಕತ್ತರಿಯ ವಿಷಯಕ್ಕೆ ಬರೋಣ. ಮಕ್ಕಳು ಬಳಸುವ ಪುಟ್ಟ ಕತ್ತರಿಯಲ್ಲಿ ಉದ್ದನೆಯ ಗೆರೆ ಬರುವುದೇ ಇಲ್ಲ. ಟೈಲರ್‌ಗಳ 8 ಇಂಚಿನ ಕತ್ತರಿ ಬೇಕು. ಚಿಕ್ಕ ಕೈಗಳಿಗೆ 6 ಇಂಚಿನದು ಆದೀತು. ಅಲಗನ್ನು ತುದಿಯವರೆಗೆ ಮುಚ್ಚಬಾರದು. ಮುಚ್ಚಿದ ಕಡೆಯಲ್ಲೆಲ್ಲ ಅಂಚಿನಲ್ಲಿ ಸಣ್ಣ ಕಚ್ಚು ಬೀಳುತ್ತದೆ. ಮುಕ್ಕಾಲು ಮುಚ್ಚಿ, ಮತ್ತೆ ತೆರೆದು, ಮುಂದಕ್ಕೆ ತಳ್ಳುತ್ತಿರಬೇಕು. ಕತ್ತರಿ ಹಿಡಿದ ಕೈ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ತಿರುಗುವುದು ಕಾಗದ ಹಿಡಿದ ಕೈ. ಪೆನ್ಸಿಲ್ ಗೆರೆ ಹಾಕಿಸಲೇಬೇಡಿ. ಗೆರೆ ಕಂಡರೆ ಮಗು ಗೆರೆಯನ್ನೇ ಕಾಯುತ್ತದೆ, ಆಕಾರವನ್ನು ನೋಡುವುದಿಲ್ಲ.

ಅಂಟಿಸುವ ಆತುರವೂ ಬೇಡ. ನೈಸ್ ನಗರದ ಹೋಟೆಲ್ ರೆಜಿನಾದಲ್ಲಿ ಮತೀಸ್ ಹಾಸಿಗೆಯಿಂದಲೇ ಹೇಳುತ್ತಿದ್ದ, ಲಿಡಿಯಾ ದೆಲೆಕ್ತೊರ್‌ಸ್ಕಯಾ ಮತ್ತಿತರ ಸಹಾಯಕರು ಗೋಡೆಗೆ ಪಿನ್ನು ಚುಚ್ಚುತ್ತಿದ್ದರು, ಕೀಳುತ್ತಿದ್ದರು, ಮತ್ತೆ ಚುಚ್ಚುತ್ತಿದ್ದರು. ಇವತ್ತಿಗೂ ಆ ತುಂಡುಗಳಲ್ಲಿ ಪಿನ್ನಿನ ತೂತುಗಳಿವೆ. ತರಗತಿಯಲ್ಲಿ ಥರ್ಮೊಕೋಲ್ ಹಲಗೆ, ಗುಂಡುಪಿನ್ನು ಇಟ್ಟುಕೊಂಡು ಒಂದು ವಾರವಾದರೂ ತುಂಡುಗಳನ್ನು ಓಡಾಡಿಸಿ. ಕತ್ತರಿಸಿ ಉಳಿದ ಹೊರಚೂರುಗಳನ್ನು ಗುಡಿಸಿ ಹಾಕಬೇಡಿ. ಆಕಾರದಷ್ಟೇ ಅದರ ಹೊರಗಿನ ಖಾಲಿಯನ್ನೂ ಮತೀಸ್ ಬಳಸಿದ.

ಫೆವಿಕಾಲ್ ಹಾಕಿ ಅಂಟಿಸಿದ ಕಾಗದದ ಚಿತ್ರ ಸುಕ್ಕಾಯಿತು. ಗುಲಾಬಿ ಬಣ್ಣವೂ ವರ್ಷದೊಳಗೆ ಮಂಕಾಯಿತು.
— ಗೃಹಿಣಿ, ಶಿವಮೊಗ್ಗ

ಎರಡಕ್ಕೂ ಕಾರಣ ಬೇರೆ ಬೇರೆ. ನೀರಿನಂಶದ ಅಂಟು ತಾಗಿದ ಕಡೆ ಕಾಗದ ಹಿಗ್ಗುತ್ತದೆ, ತಾಗದ ಕಡೆ ಹಿಗ್ಗುವುದಿಲ್ಲ. ಸುಕ್ಕು ಹುಟ್ಟುವುದು ಅಲ್ಲೇ. ಫೆವಿಕಾಲ್ ಒಣಗಿದ ಮೇಲೆ ಬಿಡಿಸಿ ಸರಿಪಡಿಸಲೂ ಬರುವುದಿಲ್ಲ. ಮೀಥೈಲ್ ಸೆಲ್ಯುಲೋಸ್ ಪುಡಿ ಸಿಕ್ಕರೆ 100 ಮಿಲಿ ನೀರಿಗೆ 4 ಗ್ರಾಂ ಲೆಕ್ಕ. ಮೂರನೇ ಒಂದು ಪಾಲು ಬಿಸಿನೀರಿಗೆ ಪುಡಿ ಉದುರಿಸಿ ಕದಡಿ, ಉಳಿದ ನೀರನ್ನು ತಣ್ಣಗೆ ಸೇರಿಸಿ, ಕೆಲವು ಗಂಟೆ ಬಿಡಿ. ನೇರ ತಣ್ಣೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಇದನ್ನು ತುಂಡಿನ ಹಿಂಬದಿಗೆಲ್ಲ ತೆಳುವಾಗಿ ಹಚ್ಚಿ, ಎರಡು ನಿಮಿಷ ಹಿಗ್ಗಲು ಬಿಟ್ಟು, ಆಮೇಲೆ ಅಂಟಿಸಿ ಭಾರ ಇಡಿ. ಮುಂದೆ ಒದ್ದೆ ಮಾಡಿದರೆ ಬಿಟ್ಟುಕೊಳ್ಳುತ್ತದೆ. ಗೋಡೆಗೆ ಪೋಸ್ಟರ್ ಅಂಟಿಸುವ ಮೈದಾ ಗಂಜಿ ಬೇಡ, ಜಿರಳೆ ಬರುತ್ತದೆ.

ಬಣ್ಣದ ಮಾತು: ಕಣ್ಣು ಕುಕ್ಕುವ ಗುಲಾಬಿ, ನೇರಳೆಗಳು ಬೆಳಕಿಗೆ ಬೇಗ ಸೋಲುತ್ತವೆ. ಮತೀಸನ ಕೃತಿಗಳಲ್ಲೂ ಇಂಥ ಕೆಲವು ಬಣ್ಣಗಳು ಮಾಸಿವೆ. ಕಿಟಕಿಯ ಎದುರು ಗೋಡೆಗೆ ಹಾಕಬೇಡಿ. ಹಿಂಬದಿಯ ರಟ್ಟಿನ ಮೇಲೂ ಕಣ್ಣಿರಲಿ. 1952ರ ‘ಈಜುಕೊಳ’ವನ್ನು ಗೋಣಿಯಂಥ ಬಟ್ಟೆಯ ಮೇಲೆ ಕೂರಿಸಿದ್ದರು. ಕಾಲ ಕಳೆದಂತೆ ಆ ಬಟ್ಟೆಯಲ್ಲಿ ಆಮ್ಲೀಯತೆ ಹೆಚ್ಚಿ, ಬಟ್ಟೆ ಕಂದು ಬಣ್ಣಕ್ಕೆ ತಿರುಗಿ, ನೀಲಿ–ಬಿಳಿಗಳ ಹೊಂದಾಣಿಕೆಯೇ ಕೆಟ್ಟಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಹಳೆಯ ಬಟ್ಟೆ ಬಿಡಿಸಿ ಹೊಸದು ಹಾಕುವ ಕೆಲಸಕ್ಕೆ ವರ್ಷಗಟ್ಟಲೆ ಹಿಡಿಯಿತು. 2014ರಲ್ಲಿ ಅದು ಮತ್ತೆ ಪ್ರದರ್ಶನಕ್ಕೆ ಬಂತು. ಮನೆಯಲ್ಲಿ ಆಮ್ಲರಹಿತ ರಟ್ಟು ಹಾಕಿಸಿದರೆ ಈ ತಾಪತ್ರಯ ಬಹಳ ಮಟ್ಟಿಗೆ ತಪ್ಪುತ್ತದೆ.

ವಾನ್ಸಿನ ಪ್ರಾರ್ಥನಾಲಯದ ಕಿಟಕಿಯಂತೆ ಮನೆಯ ಮೆಟ್ಟಿಲಿನ ಬಳಿ ಬಣ್ಣದ ಗಾಜು ಹಾಕಿಸಬೇಕು. ಕಾಗದದಲ್ಲಿ ವಿನ್ಯಾಸ ಮಾಡಿದ್ದೇನೆ, ಆದರೆ ಗಾಜಿನ ಕೆಲಸದವರು ಆಗುವುದಿಲ್ಲ ಎನ್ನುತ್ತಾರೆ.
— ಒಳಾಂಗಣ ವಿನ್ಯಾಸಕಿ, ಬೆಂಗಳೂರು

ಅವರು ಹೇಳುವುದರಲ್ಲಿ ಅರ್ಥವಿದೆ. ಇದೇ ಪೇಚು ಮತೀಸನಿಗೂ ಎದುರಾಗಿತ್ತು. ಬಲಿಪೀಠದ ಹಿಂದಿನ ಕಿಟಕಿಗೆ ಅವನು 1948ರಿಂದ ಒಂದಾದ ಮೇಲೊಂದು ಪೂರ್ಣ ವಿನ್ಯಾಸ ಮಾಡಿದ. ಮೊದಲನೆಯದು ‘ಸ್ವರ್ಗದ ಜೆರುಸಲೇಮ್’. ಆಮೇಲಿನ ‘ತಿಳಿನೀಲಿ ಕಿಟಕಿ’ಯಲ್ಲಿ ಗಾಜಿನ ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿಗೆ ಜಾಗವನ್ನೇ ಬಿಟ್ಟಿರಲಿಲ್ಲ. ಕೊನೆಗೆ ನಿಂತದ್ದು ‘ಜೀವವೃಕ್ಷ’: ಹಳದಿ ಹೂ ಬಿಡುವ ಪಾಪಾಸುಕಳ್ಳಿಯ ದುಂಡನೆಯ ಎಲೆಯಂಥ ಆಕಾರಗಳು. ಗಾಜಿಗೆ ಇಳಿಸಿದವನು ಪ್ಯಾರಿಸಿನ ಪಾಲ್ ಬೋನಿ. ಆ ಆಕಾರಗಳು ಅಷ್ಟು ಸರಳವಾಗಿರುವುದಕ್ಕೆ ಗಾಜೂ ಒಂದು ಕಾರಣ ಎಂಬುದು ನಮ್ಮ ಅಭಿಪ್ರಾಯ.

ನಿಮ್ಮ ವಿನ್ಯಾಸದಲ್ಲಿ ಮೂರು ಸಂಗತಿ ನೋಡಿಕೊಳ್ಳಿ. ಮೊದಲನೆಯದಾಗಿ, ಒಳಕ್ಕೆ ಆಳವಾಗಿ ಹೋಗುವ ತಿರುವುಗಳು. ಕಡಲಪಾಚಿಯಂಥ ಬೆರಳು ಬೆರಳಿನ ಆಕಾರ ಕಾಗದಕ್ಕೆ ಒಗ್ಗುತ್ತದೆ. ಗಾಜನ್ನು ಗೀಚಿ ಮುರಿಯುವಾಗ ಬಿರುಕು ನೇರ ದಾರಿ ಹಿಡಿಯುವುದರಿಂದ ಒಳತಿರುವಿನಲ್ಲಿ ಒಡೆಯುತ್ತದೆ. ಅಂಥ ಕಡೆ ಆಕಾರವನ್ನು ಎರಡು ಮೂರು ತುಂಡಾಗಿ ಒಡೆಯಬೇಕು. ಒಡೆಯುವ ಗೆರೆಯೂ ಕಪ್ಪಾಗಿ ಕಾಣುತ್ತದೆ, ಹಾಗಾಗಿ ಅದನ್ನು ನೀವೇ ಎಳೆಯಿರಿ, ಕೆಲಸದವರಿಗೆ ಬಿಡಬೇಡಿ. ಎರಡನೆಯದು ಅಳತೆ. ಸೀಸದ ಪಟ್ಟಿಯ ನಡುಗೋಡೆ ಒಂದೂವರೆಯಿಂದ 2 ಮಿ.ಮೀ. ದಪ್ಪ ಇರುತ್ತದೆ. ಪ್ರತಿ ತುಂಡಿನ ಸುತ್ತಲೂ ಹೆಚ್ಚುಕಡಿಮೆ 1 ಮಿ.ಮೀ. ಕಳೆಯದಿದ್ದರೆ, ಒಂದು ಸಾಲಿನಲ್ಲಿ ಇಪ್ಪತ್ತು ತುಂಡು ಜೋಡಿಸುವ ಹೊತ್ತಿಗೆ ಫಲಕ ಚೌಕಟ್ಟಿಗಿಂತ ಮೂರು ನಾಲ್ಕು ಸೆಂಟಿಮೀಟರ್ ದೊಡ್ಡದಾಗಿರುತ್ತದೆ. ಮೂರನೆಯದು ಭಾರ. ಒಂದು ಚದರ ಮೀಟರ್ ಸಮೀಪಿಸಿದ ಫಲಕಕ್ಕೆ ಹಿಂದಿನಿಂದ ಅಡ್ಡ ಕಬ್ಬಿಣದ ಸರಳು ಬೇಕೇ ಬೇಕು. ಇಲ್ಲದಿದ್ದರೆ ಬಿಸಿಲಿಗೆ ಸೀಸ ಸಡಿಲಗೊಂಡು ಹೊಟ್ಟೆ ಬಿಡುತ್ತದೆ. ಬೆಸುಗೆಯ ಬಳಿಕ ಅಗಸೆಎಣ್ಣೆ, ಸೀಮೆಸುಣ್ಣದ ಪುಡಿ ಕಲಸಿದ ಪುಟ್ಟಿಯನ್ನು ಪಟ್ಟಿಯೊಳಗೆ ತುಂಬಿಸಿ. ಅದನ್ನು ಬಿಟ್ಟರೆ ಮೊದಲ ಮಳೆಗೇ ನೀರು ಒಳಗೆ. ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ಸೋಪು ಹಾಕಿ ತೊಳೆಯುವಂತೆ ಕೆಲಸದವರಿಗೆ ಹೇಳಿ.

ಆ ಕಿಟಕಿಗಳಲ್ಲಿ ಕೆಂಪು ಯಾಕಿಲ್ಲ?
— ಓದುಗರು, ಕಾರವಾರ

ಮತೀಸ್ ಮೂರೇ ಬಣ್ಣ ಇಟ್ಟುಕೊಂಡ: ಗಾಢ ನೀಲಿ, ಬಾಟಲಿ ಹಸಿರು, ನಿಂಬೆ ಹಳದಿ. ನೀಲಿ, ಹಸಿರು ಪಾರದರ್ಶಕ, ಹೊರಗಿನ ಆಕಾಶ, ಗಿಡ ಕಾಣುತ್ತವೆ. ಹಳದಿ ಮಾತ್ರ ಮಸುಕು ಗಾಜು. ಬೆಳಕು ಬರುತ್ತದೆ, ನೋಟ ಅಲ್ಲೇ ನಿಲ್ಲುತ್ತದೆ. ಎದುರಿನ ಬಿಳಿ ಟೈಲ್ಸ್ ಮತ್ತು ನೆಲದ ಮೇಲೆ ಬಿದ್ದ ಬೆಳಕಿನ ಅಂಚುಗಳಲ್ಲಿ ಗುಲಾಬಿ, ತಿಳಿನೇರಳೆ ಛಾಯೆ ಕಂಡಂತಾಗುತ್ತದೆ. ಹಳದಿ, ಹಸಿರು ತುಂಬಿದ ಕಡೆ ಪಕ್ಕದ ಬಿಳಿಯನ್ನು ಕಣ್ಣು ಅದರ ವಿರುದ್ಧ ಬಣ್ಣದತ್ತ ಎಳೆದುಕೊಳ್ಳುತ್ತದೆ. ಕೆಂಪು ಗಾಜು ಹಾಕಿದ್ದರೆ ಈ ಮೋಡಿ ನಡೆಯುತ್ತಿರಲಿಲ್ಲ.

ಬಿಳಿ ಟೈಲ್ಸ್ ಮೇಲೆ ಕಪ್ಪು ಗೆರೆಯಲ್ಲಿ ದೊಡ್ಡ ಚಿತ್ರ ಬರೆದು ಸುಡಬೇಕೆಂದಿದ್ದೇವೆ. ಪ್ರಯೋಗದಲ್ಲಿ ಕೆಲವು ಟೈಲ್ಸ್ ಬಿರಿದವು, ಕೆಲವೆಡೆ ಗೆರೆ ಕಂದು ಬಣ್ಣಕ್ಕೆ ತಿರುಗಿತು.
— ಕುಂಬಾರಿಕೆ ಕಲಿಯುವವರು, ಖಾನಾಪುರ

ವಾನ್ಸಿನಲ್ಲಿ ಇಂಥವು ಮೂರಿವೆ: ಸುಮಾರು ನಾಲ್ಕೂಮುಕ್ಕಾಲು ಮೀಟರ್ ಎತ್ತರದ ಸಂತ ದೊಮಿನಿಕ್, ಹೂಗಳ ನಡುವಿನ ಮರಿಯಮ್ಮ ಮತ್ತು ಮಗು, ಯೇಸುವಿನ ಕೊನೆಯ ಯಾತನೆಯ ಹದಿನಾಲ್ಕು ಸ್ಥಳಗಳನ್ನೂ ಒಂದೇ ಫಲಕದಲ್ಲಿ ಅಂಕುಡೊಂಕಾಗಿ ಮೇಲೇರಿಸಿದ ಶಿಲುಬೆ ಹಾದಿ. ತಾನಿದ್ದ ಹೋಟೆಲ್ ರೆಜಿನಾದ ದೊಡ್ಡ ಕೋಣೆ ಅಳತೆಯಲ್ಲಿ ಪ್ರಾರ್ಥನಾಲಯಕ್ಕೆ ಹತ್ತಿರವಿದ್ದುದರಿಂದ, ಗೋಡೆಗೆ ಕಾಗದ ಅಂಟಿಸಿ, ಉದ್ದನೆಯ ಬಿದಿರುಕೋಲಿನ ತುದಿಗೆ ಇದ್ದಿಲು ಕಟ್ಟಿಕೊಂಡು ಮತೀಸ್ ನಿಜ ಅಳತೆಯಲ್ಲೇ ಅಭ್ಯಾಸ ಮಾಡಿದ. ಕೋಲು ಹಿಡಿದರೆ ಮಣಿಕಟ್ಟು ಕೆಲಸಕ್ಕೆ ಬರುವುದಿಲ್ಲ, ಭುಜದಿಂದ ಗೆರೆ ಎಳೆಯಬೇಕು. ನೀವೂ ಇದನ್ನು ಮೊದಲು ಕಾಗದದ ಮೇಲೆ ಮಾಡಿ ನೋಡಿ. ಎ4 ಹಾಳೆಯ ಚಿತ್ರವನ್ನು ಪ್ರೊಜೆಕ್ಟರಿನಲ್ಲಿ ಹಿಗ್ಗಿಸಿದರೆ ಗೆರೆ ನಡುಗಿದಂತೆ ಕಾಣುತ್ತದೆ.

ಈಗಾಗಲೇ ಗ್ಲೇಜ್ ಆದ ಟೈಲ್ಸಿಗೆ ಮೇಲೆ ಬಳಿಯುವ ಸಿರಾಮಿಕ್ ಬಣ್ಣವೇ ಬೇಕು. ಸಾಮಾನ್ಯವಾಗಿ 750ರಿಂದ 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಗ್ಲೇಜಿಗೆ ಹಿಡಿಯುತ್ತದೆ. ನಿಮ್ಮ ಬಣ್ಣದ ಡಬ್ಬಿಯ ಮೇಲಿನ ಅಂಕಿಯೇ ಅಂತಿಮ. ಬಿರಿಯಲು ಕಾರಣ ಬಹುಮಟ್ಟಿಗೆ ಆತುರ. ಟೈಲ್ಸಿನ ಮಣ್ಣಿನ ಬೆನ್ನು ತೇವ ಕುಡಿದಿರುತ್ತದೆ. ಮೊದಲ 200 ಡಿಗ್ರಿಯವರೆಗೆ ಗಂಟೆಗೆ 60–80ಕ್ಕಿಂತ ವೇಗ ಬೇಡ, ಗೂಡಿನ ಬಾಗಿಲು ತುಸು ತೆರೆದಿರಲಿ. ಆಮೇಲೆ ಗಂಟೆಗೆ 120 ಆಗಬಹುದು. ಟೈಲ್ಸನ್ನು ಮಲಗಿಸದೆ, ಒಂದಕ್ಕೊಂದು ತಾಗದಂತೆ ಅಂಚಿನ ಮೇಲೆ ನಿಲ್ಲಿಸಿ. ತಣಿಯುವಾಗ 100 ಡಿಗ್ರಿಗಿಂತ ಕೆಳಗಿಳಿಯುವ ತನಕ ಬಾಗಿಲು ಮುಟ್ಟಬೇಡಿ. ಇಣುಕಿ ನೋಡುವ ಚಪಲಕ್ಕೆ ಬಲಿಯಾದ ಟೈಲ್ಸ್ ಲೆಕ್ಕವಿಲ್ಲದಷ್ಟು.

ಗೆರೆ ಕಂದಾಗುವುದು ಬಣ್ಣ ತೆಳುವಾದಾಗ. ಹಾಗಂತ ಒಮ್ಮೆಲೇ ದಪ್ಪ ಬಳಿದರೆ ಗುಳ್ಳೆ ಎದ್ದು ಸಿಪ್ಪೆಯಾಗುತ್ತದೆ. ತೆಳುವಾಗಿ ಬಳಿದು ಸುಟ್ಟು, ಮತ್ತೊಮ್ಮೆ ಬಳಿದು ಸುಡುವುದು ಕ್ಷೇಮ. ಗೆರೆ ಅಲ್ಲಲ್ಲಿ ಬಿಟ್ಟುಹೋಗಿದ್ದರೆ ಅದು ಬೆರಳಿನ ಜಿಡ್ಡು. ಬರೆಯುವ ಮುಂಚೆ ಸ್ಪಿರಿಟ್ಟಿನಲ್ಲಿ ಒರೆಸಿ, ಆಮೇಲೆ ಅಂಚು ಮಾತ್ರ ಹಿಡಿಯಿರಿ. ಹಿಂಬದಿಗೆ ಸಾಲು, ಅಂಕಣದ ಸಂಖ್ಯೆಯನ್ನು ಸುಟ್ಟರೂ ಅಳಿಯದ ಅದೇ ಬಣ್ಣದಲ್ಲಿ ಬರೆಯಿರಿ. ಪೆನ್ಸಿಲ್, ಮಾರ್ಕರ್ ಎರಡೂ ಗೂಡಿನಲ್ಲಿ ಮಾಯ. ನೆಲದ ಮೇಲೆ ಜೋಡಿಸುವಾಗಲೇ ನಡುವೆ ಗ್ರೌಟಿನ ಸಂದು ಬಿಟ್ಟು ಬರೆಯಿರಿ. ಇಲ್ಲದಿದ್ದರೆ ಗೋಡೆಗೆ ಕೂರಿಸಿದಾಗ ಪ್ರತಿ ಸಂದಿನಲ್ಲೂ ಗೆರೆ ಜಾರಿದಂತೆ ಕಾಣುತ್ತದೆ.

ಚರ್ಚಿಗೆ ಪೂಜಾವಸ್ತ್ರ ಹೊಲಿಯುತ್ತೇವೆ. ಮತೀಸ್ ಮಾಡಿದ ವಸ್ತ್ರಗಳಲ್ಲಿ ನಮಗೆ ಕಲಿಯಲು ಏನಿದೆ?
— ಹೊಲಿಗೆ ಘಟಕದವರು, ಮಂಗಳೂರು

ಬಿಳಿ, ಹಸಿರು, ಕೆಂಪು, ನೇರಳೆ, ಗುಲಾಬಿ, ಕಪ್ಪು ಎಂದು ಪೂಜಾಕಾಲಕ್ಕೆ ತಕ್ಕ ಆರೂ ಬಣ್ಣಗಳಿಗೆ ಅವನು ವಿನ್ಯಾಸ ಮಾಡಿದ. ಗುಲಾಬಿ ಬೇಕಾಗುವುದು ಆಗಮನ ಕಾಲದ ಮೂರನೆಯ ಮತ್ತು ತಪಸ್ಸುಕಾಲದ ನಾಲ್ಕನೆಯ ಭಾನುವಾರ ಮಾತ್ರ ಎಂಬುದು ನಿಮಗೆ ಗೊತ್ತೇ ಇದೆ. ಅದಕ್ಕೂ ಅಷ್ಟೇ ಶ್ರಮ ಹಾಕಿದ. ಕಲಿಯಬೇಕಾದ್ದು ಅಳತೆ. ಕಾಗದವನ್ನು ಬಟ್ಟೆಯ ನಿಜ ಅಗಲಕ್ಕೆ ಅರ್ಧವೃತ್ತವಾಗಿ ಕತ್ತರಿಸಿ, ಅದರ ಮೇಲೆ ದೊಡ್ಡ ಆಕಾರಗಳನ್ನು ಇಟ್ಟು, ದೂರದಿಂದ ನೋಡಿ ನಿರ್ಧರಿಸಿದ. ನಮ್ಮಲ್ಲಿ ಜರಿಯ ಸಣ್ಣ ಕುಸುರಿ ತುಂಬಿಸುತ್ತಾರೆ. ಮೂರನೆಯ ಬೆಂಚಿನಾಚೆಗೆ ಅದು ಬರೀ ಹೊಳಪು. ಗುರುಗಳು ಕೈ ಎತ್ತಿದಾಗ ಬಟ್ಟೆ ಹೇಗೆ ಮಡಿಕೆ ಬೀಳುತ್ತದೆ ಎಂದು ಯಾರಿಗಾದರೂ ತೊಡಿಸಿ ನೋಡಿ, ಮಡಿಕೆಯಲ್ಲಿ ಮುಚ್ಚಿಹೋಗುವ ಜಾಗಕ್ಕೆ ಮುಖ್ಯ ಆಕಾರ ಇಡಬೇಡಿ.

ರೇಷ್ಮೆಯ ಮೇಲೆ ರೇಷ್ಮೆ ತುಂಡು ಕೂರಿಸುವಾಗ ಹಿಂದೆ ತೆಳು ಫ್ಯೂಸಿಂಗ್ ಹಾಕಿ, 5–6 ಮಿ.ಮೀ. ಮಡಿಕೆಗೆ ಬಿಡಿ. ಒಳತಿರುವಿನಲ್ಲಿ ಕಚ್ಚು ಕೊಟ್ಟು ಮಡಚಿ. ಎರಡು ಬಟ್ಟೆಗಳ ಎಳೆಯ ದಿಕ್ಕು ಒಂದೇ ಇರಬೇಕು, ಅಡ್ಡಾದಿಡ್ಡಿಯಾದರೆ ತೂಗುಹಾಕಿದ ಕೆಲವೇ ತಿಂಗಳಲ್ಲಿ ಅಂಚು ಮುದುಡುತ್ತದೆ. ಗಾಢ ಬಣ್ಣದ ತುಂಡನ್ನು ಬಿಳಿಗೆ ಹೊಲಿಯುವ ಮುನ್ನ ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ.

ಸೀರೆಯ ಮೇಲೆ ಮತೀಸನ ಎಲೆ, ಹಕ್ಕಿಗಳನ್ನು ಮುದ್ರಿಸಿ ಮಾರಿದರೆ ಕಾನೂನಿನ ತೊಡಕಿದೆಯೇ?
— ಬುಟೀಕ್ ನಡೆಸುವವರು, ಬೆಂಗಳೂರು

ಭಾರತದಲ್ಲಿ ಕಲಾಕೃತಿಯ ಹಕ್ಕುಸ್ವಾಮ್ಯ ಕಲಾವಿದ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಮತೀಸ್ ತೀರಿಕೊಂಡದ್ದು 1954ರ ನವೆಂಬರಿನಲ್ಲಿ, ಹಾಗಾಗಿ ಇಲ್ಲಿ 2014ರ ಕೊನೆಗೆ ಮುಗಿಯಿತು. ಫ್ರಾನ್ಸಿನಲ್ಲಿ 70 ವರ್ಷ, 2024ರ ಕೊನೆಗೆ ಮುಗಿಯಿತು. ಅಮೆರಿಕಕ್ಕೆ ಕಳಿಸುವುದಾದರೆ ಜಾಗ್ರತೆ: 1978ಕ್ಕೂ ಮೊದಲು ಪ್ರಕಟವಾದ ಕೃತಿಗಳಿಗೆ ಅಲ್ಲಿ ಪ್ರಕಟಣೆಯಿಂದ 95 ವರ್ಷದವರೆಗೂ ಹಕ್ಕು ಇರಬಹುದು, 1940ರ ದಶಕದವು ಇನ್ನೂ ಆ ಲೆಕ್ಕದೊಳಗೇ ಬೀಳುತ್ತವೆ. ಕಲಾವಿದನ ಹೆಸರು, ಸಹಿಯನ್ನು ಲೇಬಲ್ ಮೇಲೆ ಹಾಕುವುದು ಬೇರೆಯದೇ ವಿಷಯ; ವಕೀಲರನ್ನು ಕೇಳದೆ ಹಾಕಬೇಡಿ.

ಮುದ್ರಣದ ಬಗ್ಗೆ ಒಂದು ಮಾತು. ಗೋಡೆಗೆ ತೂಗುಹಾಕುವ ಬಟ್ಟೆಗಳಾದ 1946ರ ‘ಓಷಿಯಾನಿಯ’ ಜೋಡಿಯನ್ನು ಲಂಡನ್ನಿನ ಜೀಕಾ ಆಶರ್ ಬೀಜ್ ಬಣ್ಣದ ಲಿನನ್ ಮೇಲೆ ಬಿಳಿಯಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿದ, ಒಂದೊಂದೂ 30 ಪ್ರತಿ. ಬಣ್ಣದ ಬಟ್ಟೆಯ ಮೇಲೆ ಬಿಳಿ ಕೂರಿಸುವುದು ಕಷ್ಟದ ಕೆಲಸ. ಹತ್ತಿ, ಲಿನನ್‌ಗೆ ಅಪಾರದರ್ಶಕ ಬಿಳಿ ಪಿಗ್ಮೆಂಟನ್ನು ಎರಡು ಸಲ ಎಳೆಯಬೇಕು, ನಡುವೆ ಒಣಗಿಸಬೇಕು. ರೇಷ್ಮೆಗೆ ಅದೇ ಪೇಸ್ಟು ಹಾಕಿದರೆ ಸೆರಗು ರಟ್ಟಿನಂತೆ ನಿಲ್ಲುತ್ತದೆ. ಅಲ್ಲಿ ಬಟ್ಟೆಯ ಬಣ್ಣವನ್ನೇ ತೆಗೆದು ಬಿಳಿ ಬರಿಸುವ ಡಿಸ್ಚಾರ್ಜ್ ಪ್ರಿಂಟ್ ಮಾಡಿಸಿ.

‘ಮತೀಸ್ ಲಿಥೋಗ್ರಾಫ್’ ಎಂದು ಆನ್‌ಲೈನಿನಲ್ಲಿ ಮಾರುತ್ತಿದ್ದಾರೆ. ಅಸಲಿಯೇ?
— ಸಂಗ್ರಾಹಕರು, ಹುಬ್ಬಳ್ಳಿ

ಕಾಗದದ ಕೃತಿಗಳ ಲಿಥೋಗ್ರಾಫ್ (ಕಲ್ಲಚ್ಚಿನ ಮುದ್ರಣ) ಎಂದರೆ ಹೆಚ್ಚಾಗಿ 1958ರಲ್ಲಿ ‘ವೆರ್ವ್’ ಪತ್ರಿಕೆಯ ಕೊನೆಯ ಕೃತಿಗಳ ಸಂಚಿಕೆಗೆ ಮೂರ್ಲೊ ಮುದ್ರಣಾಲಯ ಮಾಡಿದವು. ಆಗ ಮತೀಸ್ ತೀರಿಕೊಂಡು ನಾಲ್ಕು ವರ್ಷ. ಹಾಗಾಗಿ ಅವುಗಳ ಮೇಲೆ ಪೆನ್ಸಿಲ್ ಸಹಿ ಇದ್ದರೆ ಅದು ಅವನದಲ್ಲ. ಹಾಳೆಗಳು ಚಂದವೇ, ಆದರೆ ಕೊಡಬೇಕಾದ ಬೆಲೆ ಪ್ರತಿಕೃತಿಯದು. ಮತೀಸನ 1947ರ ಚಿತ್ರಪುಸ್ತಕ ‘ಜಾಝ್’ ಬೇರೆ ಮಾತು. ಅದರ 20 ಚಿತ್ರಫಲಕಗಳನ್ನು ಕೊರೆದ ತಗಡಿನ ಅಚ್ಚಿನ ಮೂಲಕ ಅದೇ ಲಿನೆಲ್ ಗ್ವಾಶ್ ಬಳಿದು ಮಾಡಿದ್ದರು. ಪುಸ್ತಕ 250 ಪ್ರತಿ, ಬಿಡಿ ಹಾಳೆಗಳ ಕಟ್ಟು 100. ಮಡಿಕೆ ಪುಸ್ತಕದ ಹಾಳೆಗೆ ಇರುತ್ತದೆ. ಯಾವುದನ್ನೇ ಕೊಳ್ಳುವ ಮುನ್ನ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ನಾಲ್ಕು ಬಣ್ಣದ ಚುಕ್ಕಿಗಳ ಗುಂಪು ಕಂಡರೆ ಅದು ಆಫ್‌ಸೆಟ್, ಕ್ಯಾಲೆಂಡರಿನ ಜಾತಿ.

ಬೇಸಿಗೆ ರಜೆಯಲ್ಲಿ ನೈಸ್‌ಗೆ ಹೋಗುತ್ತೇವೆ. ವಾನ್ಸಿಗೆ ಒಂದು ದಿನ ಮೀಸಲಿಡಬಹುದೇ?
— ಲಂಡನ್ ಕನ್ನಡಿಗರು

ಅರ್ಧ ದಿನ ಸಾಕು. ನೈಸಿನಿಂದ ಬಸ್ಸಿದೆ, ಊರ ನಡುವಿನಿಂದ ಪ್ರಾರ್ಥನಾಲಯಕ್ಕೆ ಇಪ್ಪತ್ತು ನಿಮಿಷದ ನಡಿಗೆ. ದೊಮಿನಿಕನ್ ಕನ್ಯಾಸ್ತ್ರೀಯರ ಜಪಮಾಲೆ ಪ್ರಾರ್ಥನಾಲಯ ಅದು. 1949ರ ಡಿಸೆಂಬರಿನಲ್ಲಿ ಅಡಿಗಲ್ಲು, 1951ರ ಜೂನ್ 25ರಂದು ಪವಿತ್ರೀಕರಣ. ಸುಮಾರು 15 ಮೀಟರ್ ಉದ್ದದ ಪುಟ್ಟ ಕಟ್ಟಡ, ಗುಂಪು ನುಗ್ಗಿದರೆ ಏನೂ ಕಾಣುವುದಿಲ್ಲ, ಬೆಳಿಗ್ಗೆ ತೆರೆದ ಕೂಡಲೇ ಹೋಗಿ. ಮತೀಸ್ ಮೆಚ್ಚಿದ್ದು ಚಳಿಗಾಲದ ಬೆಳಗಿನ ಹನ್ನೊಂದರ ಹೊತ್ತು. ಆಗ ಸೂರ್ಯ ಕೆಳಗಿದ್ದು ಬಣ್ಣ ಕೋಣೆಯ ಒಳಗೆ ದೂರದವರೆಗೆ ಚಾಚುತ್ತದೆ. ಬೇಸಿಗೆಯಲ್ಲಿ ಅಷ್ಟು ಚಾಚುವುದಿಲ್ಲ. ರಜೆಯನ್ನು ಡಿಸೆಂಬರಿಗೆ ಹಾಕಿಕೊಳ್ಳಲಾದರೆ ಒಳ್ಳೆಯದು, ಆದರೆ ಚಳಿಗಾಲದಲ್ಲಿ ಕೆಲವು ವಾರ ಮುಚ್ಚುವುದುಂಟು, ದಿನ ವಿಚಾರಿಸಿಯೇ ಟಿಕೆಟ್ ಮಾಡಿಸಿ. ಪೂಜೆ ನಡೆಯುವ ಜಾಗವಾದ್ದರಿಂದ ಉಡುಪು, ಫೋಟೋ ವಿಷಯದಲ್ಲಿ ಅಲ್ಲಿನವರು ಹೇಳಿದಂತೆ ನಡೆದುಕೊಳ್ಳಿ. ಬಲಿಪೀಠ ಓರೆಯಾಗಿ ಕೂತಿದೆ. ಒಂದು ಬದಿ ಭಕ್ತರು, ಇನ್ನೊಂದು ಬದಿ ಕನ್ಯಾಸ್ತ್ರೀಯರು, ಗುರುಗಳಿಗೆ ಇಬ್ಬರೂ ಕಾಣಬೇಕು. ಆ ಮೂಲೆಯಿಂದಲೇ ಮೂರೂ ಗೋಡೆಚಿತ್ರಗಳನ್ನು ಕಿಟಕಿಯ ಬೆಳಕಿನ ಜೊತೆ ಸೇರಿಸಿ ನೋಡಿ. ಮಧ್ಯಾಹ್ನ ನೈಸಿಗೆ ಮರಳಿ ಸಿಮಿಯೇ ಗುಡ್ಡದ ಮತೀಸ್ ಸಂಗ್ರಹಾಲಯಕ್ಕೆ ಹೋದರೆ ಇದೇ ಪ್ರಾರ್ಥನಾಲಯದ ಪೂರ್ವಸಿದ್ಧತೆಯ ಚಿತ್ರಗಳು ಸಿಗುತ್ತವೆ.